ಕತ್ತಿ ಎಳೆಯುತ್ತಿದ್ದರೆ ಮೊದಲು ನೀರು ನೋಡಿ: ಕ್ಷೌರದ ಕತ್ತಿ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮನೆಯಲ್ಲೇ ಕ್ಷೌರದ ಕತ್ತಿ ಹಿಡಿದು ದಾಡಿ ಮಾಡಿಕೊಳ್ಳಲು ಕಲಿಯುತ್ತಿರುವ ಹುಡುಗರು ನನ್ನ ಹತ್ತಿರ ತರುವ ದೂರು ಹೆಚ್ಚುಕಡಿಮೆ ಒಂದೇ. ‘ಅಣ್ಣಾ, ಕತ್ತಿ ಎಳೀತೈತಿ. ಸಾಣಿ ಹೋಗೈತಿ ಅನ್ನಿಸ್ತೈತಿ.’ ಕತ್ತಿ ತೆಗೆದು ನೋಡಿದರೆ ಬಹಳ ಸಲ ಸಾಣೆ ಸರಿಯಾಗಿಯೇ ಇರುತ್ತದೆ. ದೋಷ ಇರುವುದು ಬಕೆಟ್ಟಿನ ನೀರಿನಲ್ಲಿ, ಬ್ರಷ್ಷಿನ ನೊರೆಯಲ್ಲಿ, ಇಲ್ಲಾಂದ್ರೆ ಕತ್ತಿ ಹಿಡಿದ ಓರೆಯಲ್ಲಿ.

ಅದಕ್ಕೇ ಹುಡುಕುವ ಕ್ರಮ ಹೀಗಿರಲಿ: ನೀರು, ನೊರೆ, ಕೈ, ಚರ್ಮದ ಪಟ್ಟಿ (ದಾಡಿಗೆ ಮುಂಚೆ ಕತ್ತಿಯ ಹರಿತ ನಯ ಮಾಡಲು ಉಜ್ಜುವ ಪಟ್ಟಿ), ಎಲ್ಲದರ ಕೊನೆಗೆ ಸಾಣೆಕಲ್ಲು. ನೀರು ಬದಲಿಸಿ ನೋಡಲು ಒಂದು ನಿಮಿಷ ಸಾಕು, ಅಂದಾಜು ತಪ್ಪಾದರೂ ಕಳೆದುಕೊಳ್ಳುವುದು ಏನಿಲ್ಲ. ಕಲ್ಲಿಗೆ ಹಚ್ಚಿದಾಗ ಮಾತ್ರ ಉಕ್ಕು ಸವೆಯುತ್ತದೆ. ಸವೆದದ್ದು ಮತ್ತೆ ಬರುವುದಿಲ್ಲ. ಇನ್ನೊಂದು ಮಾತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೊಸ ಸೋಪು, ಹೊಸ ಬ್ರಷ್ಷು, ಹೊಸ ಓರೆ ಎಲ್ಲ ಒಂದೇ ದಿನ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಇಲ್ಲಿ ಕತ್ತಿ ಅಂದರೆ ಹಿಡಿಯೊಳಗೆ ಮಡಚುವ, ಸಾಣೆ ಹಿಡಿಯುವ ಹಳೇ ಮಾದರಿಯ ಕತ್ತಿ. ಅರ್ಧ ಬ್ಲೇಡು ಹಾಕುವ ರೇಜರಿನ ಮಾತು ಮುಂದೆ ಬರುತ್ತದೆ.

ಎಲ್ಲಿ ಎಳೆಯುತ್ತದೆ, ಯಾವಾಗ ಎಳೆಯುತ್ತದೆ

ಮೊದಲ ಸಲ ಕತ್ತಿ ಇಟ್ಟಾಗಿನಿಂದಲೇ ಮುಖದ ಎಲ್ಲ ಕಡೆ ಎಳೆದರೆ ನೀರನ್ನು, ನೊರೆಯನ್ನು ಅನುಮಾನಿಸಿ. ಬಲಗೆನ್ನೆ ಸಲೀಸಾಗಿ ಮುಗಿದು ಎಡಗೆನ್ನೆಗೆ ಬಂದಾಗ ಎಳೆಯಲು ಶುರುವಾದರೆ ಎರಡು ಕಾರಣ ಇರಬಹುದು. ನೊರೆ ಒಣಗಿರಬಹುದು, ಇಲ್ಲವೇ ಆ ಕಡೆಗೆ ಕೈ ಇನ್ನೂ ಕೂತಿಲ್ಲದಿರಬಹುದು. ಯಾವುದು ಅಂತ ತಿಳಿಯಲು ಮರುದಿನ ಎಡಗೆನ್ನೆಯಿಂದ ಶುರು ಮಾಡಿ. ಈಗ ಬಲಗೆನ್ನೆ ಎಳೆದರೆ ತಪ್ಪು ನೊರೆಯದು. ಮತ್ತೆ ಎಡಗೆನ್ನೆಯೇ ಎಳೆದರೆ ಕೈಯದು.

ಗದ್ದ ಮತ್ತು ಮೀಸೆಯ ಜಾಗ ಮಾತ್ರ ಎಳೆದರೆ ಗಾಬರಿ ಬೇಡ. ಅಲ್ಲಿ ಕೂದಲು ದಪ್ಪ, ಒತ್ತೊತ್ತಾಗಿರುತ್ತದೆ, ನೆನೆದದ್ದು ಸಾಲದೇ ಇರುತ್ತದೆ. ನಿನ್ನೆ ಚೆನ್ನಾಗಿದ್ದ ಕತ್ತಿ ಇವತ್ತು ಪಟ್ಟಿಗೆ ಹಚ್ಚಿದ ಮೇಲೆ ಕೆಟ್ಟಿದ್ದರೆ ಪಟ್ಟಿಯನ್ನು ನೋಡಿ. ವಾರದಿಂದ ವಾರಕ್ಕೆ ನಿಧಾನವಾಗಿ ಮೊಂಡಾಗುತ್ತ ಬಂದಿದ್ದರೆ ಮಾತ್ರ ಕಲ್ಲಿನ ಯೋಚನೆ ಮಾಡಿ.

ನೀರು

ನಮ್ಮ ಮೂರೂ ಜಿಲ್ಲೆಗಳಲ್ಲಿ ದಾಡಿ ಕೆಡಿಸುವುದು ಹೆಚ್ಚಾಗಿ ಬೋರಿನ ಗಡಸು ನೀರು. ಗುರುತು ಮನೆಯಲ್ಲೇ ಇರುತ್ತದೆ. ನೀರು ಕಾಸುವ ರಾಡಿನ ಮೇಲೆ ಬಿಳಿ ಪದರು ಕಟ್ಟಿದೆಯಾ? ನಳದ ಬಾಯಿಯಲ್ಲಿ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಗೆರೆ ಕೂತಿದೆಯಾ? ಆ ಪದರು ಕಟ್ಟಿಸುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ನಿಮ್ಮ ನೊರೆಯನ್ನೂ ತಿನ್ನುತ್ತವೆ.

ಪರೀಕ್ಷೆ ಸುಲಭ. ಒಂದೇ ಅಳತೆಯ ಎರಡು ಖಾಲಿ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಅರ್ಧ ಬೋರಿನ ನೀರು, ಇನ್ನೊಂದಕ್ಕೆ ಅರ್ಧ ಕುಡಿಯುವ ಕ್ಯಾನಿನ ನೀರು ಹಾಕಿ. ದಾಡಿಗೆ ಬಳಸುವ ಸೋಪನ್ನೇ ಕೆರೆದು ಎರಡಕ್ಕೂ ಸಮ ಸಮ ಹಾಕಿ. ಶಾಂಪೂ ಹಾಕಬೇಡಿ, ಪಾತ್ರೆ ತಿಕ್ಕುವ ಲಿಕ್ವಿಡ್ಡೂ ಬೇಡ. ಅವು ಗಡಸು ನೀರಿನಲ್ಲೂ ನೊರೆ ಕೊಡುವುದರಿಂದ ಪರೀಕ್ಷೆ ಸುಳ್ಳಾಗುತ್ತದೆ. ಮುಚ್ಚಳ ಹಾಕಿ ಹತ್ತು ಎಣಿಸುವಷ್ಟು ಹೊತ್ತು ಅಲ್ಲಾಡಿಸಿ, ಇಟ್ಟುಬಿಡಿ. ಕ್ಯಾನಿನ ನೀರಿನಲ್ಲಿ ನೊರೆ ಮೇಲೆ ನಿಲ್ಲುತ್ತದೆ, ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಬೋರಿನ ನೀರಿನಲ್ಲಿ ಒಂದಷ್ಟು ಗುಳ್ಳೆ ಬಂದು ಒಡೆಯುತ್ತವೆ, ನೀರು ಬೆಳ್ಳಗೆ ಮಬ್ಬಾಗುತ್ತದೆ, ಬಾಟಲಿಯ ಒಳಗೋಡೆಗೆ ಬಿಳಿ ಗಸಿ ಅಂಟುತ್ತದೆ. ನೊರೆಯಾಗಬೇಕಿದ್ದ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಗಸಿಯಾಗಿದೆ. ಮುಖದ ಮೇಲೂ ಆಗುವುದು ಇದೇ. ಗಸಿಗೆ ಜಾರುವ ಗುಣ ಇಲ್ಲ. ಕತ್ತಿ ತಡೆದು ತಡೆದು ಹೋಗುತ್ತದೆ. ನಾವು ಅದನ್ನು ಮೊಂಡು ಅಂದುಕೊಳ್ಳುತ್ತೇವೆ.

ಕುಡಿಯಲು ನಡೆಯುವ ನೀರೆಲ್ಲ ನೊರೆಗೆ ನಡೆಯುತ್ತದೆ ಅಂತಿಲ್ಲ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಳ್ಳೆಯದು ಅನ್ನುತ್ತದೆ. ಬೇರೆ ನೀರಿಲ್ಲದ ಕಡೆ 600ರವರೆಗೂ ಒಪ್ಪುತ್ತದೆ. 600 ಇರುವ ನೀರಿನಲ್ಲಿ ದಾಡಿ ನೊರೆ ಕಟ್ಟುವುದು ನಿಜಕ್ಕೂ ಕಷ್ಟ. ಟಿಡಿಎಸ್ ಮೀಟರ್ ಇಟ್ಟುಕೊಂಡವರು ಅದರ ಅಂಕಿಯನ್ನೇ ನಂಬಬೇಡಿ. ಅದು ಕರಗಿದ ಎಲ್ಲ ಲವಣವನ್ನೂ ಸೇರಿಸಿ ತೋರಿಸುತ್ತದೆ, ಗಡಸುತನವನ್ನು ಬೇರೆಯಾಗಿ ತೋರಿಸುವುದಿಲ್ಲ. ಬಾಟಲಿ ಪರೀಕ್ಷೆಯೇ ಮೇಲು. ಕುಷ್ಟಗಿ, ಯಲಬುರ್ಗಾ ಕಡೆಯವರು ಫ್ಲೋರೈಡ್ ಬಗ್ಗೆ ಕೇಳುತ್ತಾರೆ. ಅದು ಹಲ್ಲಿಗೆ, ಎಲುಬಿಗೆ ದೊಡ್ಡ ತೊಂದರೆ, ಹಗುರಾಗಿ ನೋಡುವ ವಿಷಯ ಅಲ್ಲ. ಆದರೆ ನೊರೆ ಕೆಡಿಸುತ್ತಿರುವುದು ಅದಲ್ಲ.

ಇನ್ನೊಂದು ಗಮನಿಸಿ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನಳಕ್ಕೆ ಹೊಳೆಯ ನೀರು ಬರುವ ತಿಂಗಳುಗಳಲ್ಲಿ ನೊರೆ ಚಲೋ ಇರುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತು ಬೋರಿನ ನೀರು ಬಳಸಲು ಶುರು ಮಾಡಿದ ವಾರವೇ ‘ಕತ್ತಿ ಹೋಯ್ತು’ ಅನ್ನುವ ದೂರು ಬರುತ್ತದೆ. ನಿಮ್ಮದೂ ಹಾಗೇನಾ ನೋಡಿ. ಹೌದಾದರೆ ಕತ್ತಿಯನ್ನು ಸುಮ್ನೆ ಬಿಡಿ.

ಪರಿಹಾರಕ್ಕೆ ಖರ್ಚು ಬಹಳ ಇಲ್ಲ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನಿಂದ ಒಂದು ಚೊಂಬು ನೀರು ತೆಗೆದು ಬೆಚ್ಚಗೆ ಮಾಡಿಕೊಳ್ಳಿ. ಮುಖ ನೆನೆಸಲು, ಬ್ರಷ್ ನೆನೆಸಲು, ನೊರೆ ಕಟ್ಟಲು ಅಷ್ಟು ಸಾಕು. ಆಮೇಲೆ ಮುಖ ತೊಳೆಯಲು ಬೋರಿನ ನೀರೇ ಇರಲಿ. ಕ್ಯಾನ್ ನೀರು ಸಿಗದಿದ್ದರೆ ಬೋರಿನ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಮೇಲಿನದನ್ನು ಬಸಿದುಕೊಳ್ಳಿ. ಇದರಿಂದ ಗಡಸುತನದ ಒಂದು ಪಾಲು ಇಳಿಯುತ್ತದೆ, ಪೂರ್ತಿ ಅಲ್ಲ. ಕುದಿಸಿದ ನೀರಿಗೂ ಬಾಟಲಿ ಪರೀಕ್ಷೆ ಮಾಡಿ, ಎಷ್ಟು ಫರಕು ಬಿತ್ತು ನೋಡಿಕೊಳ್ಳಿ. ನೀರಿಗೆ ನಿಂಬೆಹಣ್ಣು ಹಿಂಡುವವರೂ ಇದ್ದಾರೆ. ಹುಳಿ ಜಾಸ್ತಿಯಾದರೆ ಅದೇ ಸೋಪನ್ನು ಒಡೆಯುತ್ತದೆ. ಕ್ಯಾನ್ ಸಿಗುವ ಊರಿನಲ್ಲಿ ಆ ರಗಳೆ ಬೇಡ.

ನೊರೆ

ನೀರು ಸರಿಯಾದ ಮೇಲೂ ಎಳೆಯುತ್ತಿದ್ದರೆ ನೊರೆಯನ್ನು ಹತ್ತಿರದಿಂದ ನೋಡಿ. ಮೋಸ ಮಾಡುವುದು ಬೆಳ್ಳಗೆ, ಗಟ್ಟಿಯಾಗಿ, ಬ್ರಷ್ಷಿನ ಮೇಲೆ ಕೋಡು ಕಟ್ಟಿ ನಿಲ್ಲುವ ನೊರೆ. ನೋಡಲು ಚೆಂದ, ಆದರೆ ನೀರು ಸಾಲದ ನೊರೆ ಅದು. ಕೆನ್ನೆಯಿಂದ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ. ಬೆರಳು ಜಾರಬೇಕು. ಹಿಡಿದು ಹಿಡಿದು ಬಂದರೆ ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ಅದ್ದಿ ಮತ್ತೆ ಆಡಿಸಿ. ಹನಿ ಹನಿಯಾಗಿ ಸೇರಿಸುತ್ತ ಹೋದರೆ ಒಂದು ಹಂತದಲ್ಲಿ ನೊರೆಗೆ ಹೊಳಪು ಬರುತ್ತದೆ, ಗುಳ್ಳೆ ಕಣ್ಣಿಗೆ ಕಾಣಿಸುವುದಿಲ್ಲ, ಕಡೆಯದ ಗಟ್ಟಿ ಮೊಸರಿನ ಹಾಗೆ ಮಗುಚುತ್ತದೆ. ಅಲ್ಲಿಗೆ ನಿಲ್ಲಿಸಿ.

ಕಾಣಿಸುವ ದೊಡ್ಡ ಗುಳ್ಳೆ ಇದ್ದರೆ ಸೋಪು ಕಡಿಮೆ, ನೀರು ಜಾಸ್ತಿ. ಬ್ರಷ್ಷನ್ನು ಒಮ್ಮೆ ಕೊಡವಿ ಸೋಪಿನ ಮೇಲೆ ಇನ್ನೊಂದು ಅರ್ಧ ನಿಮಿಷ ಸುತ್ತಿಸಿ. ಹೊಸಬರು ಸೋಪು ಉಳಿಸಲು ಹೋಗುತ್ತಾರೆ. ಕತ್ತಿಗೆ ಸೋಪು ಧಾರಾಳವಾಗಿಯೇ ಬೇಕು. ಹಂದಿ ಕೂದಲಿನ ಬ್ರಷ್ ಆದರೆ ಮೊದಲು ಕೆಲವು ನಿಮಿಷ ನೀರಿನಲ್ಲಿ ನೆನೆಯಲಿ. ಇಲ್ಲದಿದ್ದರೆ ಅದೇ ನೊರೆಯ ನೀರನ್ನು ಹೀರಿಕೊಳ್ಳುತ್ತದೆ. ಸಿಂಥೆಟಿಕ್ ಬ್ರಷ್ಷಿಗೆ ಇದು ಬೇಡ.

ಇನ್ನು ಸೆಕೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿ ಒಣ. ತಲೆ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಹೊಪ್ಪಳೆಯಾಗಿರುತ್ತದೆ. ಫ್ಯಾನು ಆರಿಸಿ, ಅರ್ಧ ಮುಖಕ್ಕೆ ಮಾತ್ರ ನೊರೆ ಹಚ್ಚಿ, ಅದು ಮುಗಿದ ಮೇಲೆ ಉಳಿದರ್ಧಕ್ಕೆ ಹೊಸದಾಗಿ ಹಚ್ಚಿ. ಒಣಗಿದ ನೊರೆಯ ಮೇಲೆ ಕತ್ತಿ ಇಡಲೇಬೇಡಿ.

ನೊರೆಗಿಂತ ಮುಂಚೆ ಗಡ್ಡ ನೆನೆಯಬೇಕು. ಸ್ನಾನ ಆದ ಕೂಡಲೇ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಇಲ್ಲವಾದರೆ ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲನ್ನು ಎರಡು ಮೂರು ನಿಮಿಷ ಗಡ್ಡದ ಮೇಲೆ ಒತ್ತಿ ಹಿಡಿಯಿರಿ. ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಗದ್ದ, ಮೀಸೆಯ ಜಾಗಕ್ಕೆ ಮೊದಲು ನೊರೆ ಹಚ್ಚಿ, ಕೊನೆಗೆ ಕತ್ತಿ ಇಡಿ, ಅಷ್ಟರಲ್ಲಿ ಒಣಗಿದ್ದರೆ ಮತ್ತೆ ನೊರೆ ಹಚ್ಚಿ. ಅಷ್ಟು ಹೊತ್ತು ಜಾಸ್ತಿ ನೆನೆಯುತ್ತದೆ.

ಕೈ

ಕತ್ತಿಯನ್ನು ಕೆನ್ನೆಗೆ ಪೂರ್ತಿ ಮಲಗಿಸಿ. ಈಗ ಕತ್ತಿಯ ಬೆನ್ನನ್ನು, ಅಂದರೆ ಹರಿತವಿಲ್ಲದ ದಪ್ಪ ಅಂಚನ್ನು ಮಾತ್ರ ಎತ್ತಿ, ಬೆನ್ನಿಗೂ ಕೆನ್ನೆಗೂ ನಡುವೆ ಬೆನ್ನಿನ ದಪ್ಪದ ಒಂದೂವರೆಯಿಂದ ಎರಡರಷ್ಟು ಜಾಗ ಬಿಡುವವರೆಗೆ. ಅದು ಸುಮಾರು 30 ಡಿಗ್ರಿ. ಅದಕ್ಕಿಂತ ಮಲಗಿಸಿದರೆ ಕತ್ತಿ ಕೂದಲಿನ ಮೇಲೆ ಜಾರಿ ಎಳೆಯುತ್ತದೆ, ಹಿಂದೆ ಕೂದಲು ಹಾಗೇ ಉಳಿದಿರುತ್ತದೆ. ಜಾಸ್ತಿ ಎತ್ತಿದರೆ ಚರ್ಮ ಕೆರೆಯುತ್ತದೆ, ಆಮೇಲೆ ಉರಿ. ಕಿವಿಯೂ ಸಹಾಯ ಮಾಡುತ್ತದೆ. ಓರೆ ಸರಿಯಿದ್ದರೆ ಸಣ್ಣಗೆ ಚರಚರ ಸದ್ದು ಒಂದೇ ಸಮನೆ ಬರುತ್ತದೆ. ಸದ್ದೇ ಇಲ್ಲದಿದ್ದರೆ ಬೆನ್ನನ್ನು ಸ್ವಲ್ಪ ಎತ್ತಿ ನೋಡಿ.

ಚರ್ಮ ಬಿಗಿಯಾಗಿರಬೇಕು. ಎಡಗೈ ಇರುವುದು ಅದಕ್ಕೇ. ಕತ್ತಿ ಹೋಗುವ ದಿಕ್ಕಿಗೆ ಎದುರಾಗಿ ಚರ್ಮವನ್ನು ಹಿಂದಕ್ಕೆ ಎಳೆದು ಹಿಡಿಯಿರಿ. ಸಡಿಲ ಚರ್ಮ ಕತ್ತಿಯ ಮುಂದೆ ಮಡಿಕೆಯಾಗಿ ನಿಲ್ಲುತ್ತದೆ, ಕೊಯ್ದುಕೊಳ್ಳುವುದು ಅಲ್ಲೇ. ಸೋಪಿನ ಬೆರಳು ಜಾರುತ್ತಿದ್ದರೆ ಬೆರಳ ತುದಿಗೆ ಒದ್ದೆ ಪಟಿಕದ ಕಲ್ಲು ಉಜ್ಜಿಕೊಳ್ಳಿ, ಹಿಡಿತ ಚೆನ್ನಾಗಿ ಸಿಗುತ್ತದೆ.

ಒತ್ತಬೇಡಿ. ಒತ್ತಿದರೆ ಮಾತ್ರ ಕೂದಲು ಹೋಗುತ್ತದೆ ಅನ್ನಿಸಿದರೆ ಕತ್ತಿ ಕೆಳಗಿಟ್ಟು ನೀರಿನಿಂದ ಮತ್ತೆ ಹುಡುಕಿಕೊಂಡು ಬನ್ನಿ.

ದಿಕ್ಕಿನ ದೋಷ ಹೆಚ್ಚಾಗಿ ಕುತ್ತಿಗೆಯಲ್ಲಿ. ಕೆನ್ನೆಯಲ್ಲಿ ಕೂದಲು ಕೆಳಮುಖ, ಕುತ್ತಿಗೆಯಲ್ಲಿ ಅಡ್ಡಡ್ಡ, ಕೆಲವರಿಗೆ ಮೇಲ್ಮುಖ. ಎರಡು ದಿನ ಗಡ್ಡ ಬಿಟ್ಟು ಬೆರಳಾಡಿಸಿ ನೋಡಿ. ನುಣ್ಣಗೆ ಹೋಗುವ ದಿಕ್ಕೇ ಕೂದಲಿನ ದಿಕ್ಕು. ಮೊದಲ ಸುತ್ತು ಅದೇ ದಿಕ್ಕಿಗೆ, ಎರಡನೆಯದು ಅಡ್ಡ. ಉಲ್ಟಾ ಎಳೆಯುವುದು ಈ ಎರಡು ಸುತ್ತು ಉರಿ ಇಲ್ಲದೆ ಮುಗಿಯುವವರೆಗೆ ಬೇಡ. ಕಲಿಯುವ ಮೊದಲ ವಾರಗಳಲ್ಲಿ ಎರಡು ಕೆನ್ನೆ ಮಾತ್ರ ಕತ್ತಿಯಲ್ಲಿ ಮಾಡಿ, ಉಳಿದದ್ದನ್ನು ಮಾಮೂಲಿ ರೇಜರಿನಲ್ಲಿ ಮುಗಿಸಿ.

ಉರಿ, ರಕ್ತದ ಚುಕ್ಕೆ, ಗುಳ್ಳೆ

ದಾಡಿ ಮುಗಿದ ಮೇಲೆ ತಣ್ಣೀರಿನಲ್ಲಿ ಮುಖ ತೊಳೆದು ಪಟಿಕದ ಕಲ್ಲನ್ನು ಮುಖದ ತುಂಬ ಸವರಿ. ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಚರ್ಮ ಕೆರೆದಿದೆ ಅಂತ ಲೆಕ್ಕ. ದಿನಾ ಇದನ್ನು ಗಮನಿಸಿ. ದವಡೆಯ ಮೂಳೆಯ ಉದ್ದಕ್ಕೂ ಉರಿದರೆ ಅಲ್ಲಿ ಒತ್ತುತ್ತಿದ್ದೀರಿ. ಒಂದು ಕೆನ್ನೆ ಮಾತ್ರ ಉರಿದರೆ ಆ ಕಡೆ ಓರೆ ಜಾಸ್ತಿ. ಕುತ್ತಿಗೆಯ ಒಂದೇ ತೇಪೆ ಉರಿದರೆ ಅಲ್ಲಿ ಗೊತ್ತಿಲ್ಲದೆ ಉಲ್ಟಾ ಎಳೆದಿದ್ದೀರಿ. ಎಲ್ಲ ಕಡೆ ಉರಿದರೆ ಮತ್ತೆ ನೀರು, ನೊರೆ. ಯಾವ ಕನ್ನಡಿಯಲ್ಲೂ ಕಾಣದ್ದನ್ನು ಕಿರಾಣಿ ಅಂಗಡಿಯ ಒಂದು ತುಂಡು ಪಟಿಕ ತೋರಿಸಿಕೊಡುತ್ತದೆ. ಒಂದು ನಿಮಿಷ ಬಿಟ್ಟು ತೊಳೆದುಬಿಡಿ, ಇಲ್ಲದಿದ್ದರೆ ಚರ್ಮ ಬಿರುಸಾಗುತ್ತದೆ. ಪಟಿಕ ಹಿಡಿದ ಕೈಯಲ್ಲಿ ಕತ್ತಿ ಮುಟ್ಟಬೇಡಿ, ಉಕ್ಕಿಗೆ ಅದು ಆಗುವುದಿಲ್ಲ.

ಸಾಸಿವೆಯಷ್ಟು ಸಣ್ಣ ರಕ್ತದ ಚುಕ್ಕೆಗಳು ಒತ್ತಡದಿಂದ, ಉಲ್ಟಾ ಎಳೆತದಿಂದ ಬರುತ್ತವೆ. ಗೆರೆ ಎಳೆದ ಗಾಯ ಬೇರೆ. ಕತ್ತಿ ಅಡ್ಡಕ್ಕೆ, ಅಂದರೆ ತನ್ನ ಬಾಯಿಯ (ಹರಿತವಾದ ಅಂಚಿನ) ಉದ್ದಕ್ಕೆ ಸರಿದರೆ ಅದು ಆಗುತ್ತದೆ. ಕಿವಿಯ ಹತ್ತಿರ ಕತ್ತಿಯ ಮೂಲೆ ಚುಚ್ಚುವುದು ಚೂಪು ಮೂಲೆಯ ಕತ್ತಿಯಲ್ಲಿ ಜಾಸ್ತಿ. ಕಲಿಯುವವರಿಗೆ ದುಂಡು ಮೂಲೆಯದೇ ವಾಸಿ. ಒತ್ತಿ ಹಿಡಿದರೂ ನಿಲ್ಲದ ರಕ್ತಕ್ಕೆ ಪಟಿಕ ಸಾಲದು, ಆಸ್ಪತ್ರೆಗೆ ಹೋಗಿ.

ಎರಡು ದಿನದ ನಂತರ ಏಳುವ ಗುಳ್ಳೆ ಗುಂಗುರು ಕೂದಲಿನವರಿಗೆ ಸಾಮಾನ್ಯ. ತೀರಾ ಬುಡಕ್ಕೆ ಕತ್ತರಿಸಿದ ಕೂದಲು ಬಾಗಿ ಚರ್ಮದೊಳಗೇ ಬೆಳೆಯುತ್ತದೆ. ಉಲ್ಟಾ ಎಳೆಯುವುದನ್ನು ಪೂರ್ತಿ ಬಿಡಿ, ಒಂದೇ ಸುತ್ತಿಗೆ ನಿಲ್ಲಿಸಿ. ಕೀವು ತುಂಬಿದರೆ, ಹರಡಿದರೆ ಕತ್ತಿ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ. ನಿಮ್ಮ ಕತ್ತಿ ನಿಮಗೆ ಮಾತ್ರ. ಅಣ್ಣತಮ್ಮಂದಿರ ನಡುವೆಯೂ ಹಂಚಿಕೊಳ್ಳಬೇಡಿ. ಹೆಪಟೈಟಿಸ್ ಬಿ, ಸಿ ರಕ್ತದಿಂದ ಹರಡುತ್ತವೆ.

ಚರ್ಮದ ಪಟ್ಟಿ

ಕಲ್ಲಿನಿಂದ ಬಂದ ದಿನ ಚೆನ್ನಾಗಿದ್ದು, ಪಟ್ಟಿಗೆ ಹಚ್ಚಿದಷ್ಟೂ ಕೆಡುತ್ತ ಹೋಗುವ ಕತ್ತಿಗೆ ರೋಗ ಪಟ್ಟಿಯಲ್ಲಿದೆ. ಜಾಸ್ತಿ ಹಚ್ಚಿದರೆ ಸರಿಹೋಗುತ್ತದೆ ಅಂತ ಹಚ್ಚುತ್ತ ಹೋದರೆ ಇನ್ನೂ ಕೆಡುತ್ತದೆ.

ಗಂಗಾವತಿಯ ಒಂದು ಹಳೇ ಕಟಿಂಗ್ ಅಂಗಡಿಯಲ್ಲಿ ವಯಸ್ಸಾದ ಕಾಕಾ ಒಬ್ಬರು ಪಟ್ಟಿಗೆ ಹಚ್ಚುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೊದಲು ಅಂಗೈಯಿಂದ ಪಟ್ಟಿಯನ್ನು ಮೇಲಿಂದ ಕೆಳಗೆ ಸವರಿದರು. ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದರು, ನಡುವೆ ಜೋತು ಬೀಳದಷ್ಟು. ಕತ್ತಿಯನ್ನು ಪೂರ್ತಿ ಮಲಗಿಸಿ, ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ನೂಕಿದರು. ತುದಿಗೆ ಬಂದಾಗ ಬೆನ್ನು ಪಟ್ಟಿ ಬಿಡಲಿಲ್ಲ. ಹೆಬ್ಬೆರಳು ತೋರುಬೆರಳಲ್ಲೇ ಹಿಡಿಯನ್ನು ಹೊರಳಿಸಿದರು, ಕತ್ತಿ ಬೆನ್ನಿನ ಮೇಲೆ ಮಗುಚಿಕೊಂಡಿತು. ಪಟಪಟ ಸದ್ದೇ ಇಲ್ಲ. ‘ಜೋರ್ ಮಾಡಬ್ಯಾಡ ತಮ್ಮಾ, ಕತ್ತಿ ತೂಕ ಅಷ್ಟ ಸಾಕು’ ಅಂದರು.

ಪಟ್ಟಿಯ ಮುಖ್ಯ ದೋಷಗಳೆಲ್ಲ ಈ ನಡೆಗಳಲ್ಲಿ ಒಂದನ್ನು ಬಿಟ್ಟಾಗ ಬರುವಂಥವು. ಪಟ್ಟಿ ಸಡಿಲಿದ್ದರೆ ಅಥವಾ ಒತ್ತಿದರೆ ಚರ್ಮ ಬಾಯಿಯ ಸುತ್ತ ಬಾಗುತ್ತದೆ, ಹರಿತ ದುಂಡಗಾಗುತ್ತದೆ. ಬಾಯಿಯ ಮೇಲೆ ಮಗುಚಿದರೆ ಪಟ್ಟಿಯೂ ಸೀಳುತ್ತದೆ. ಅಂಗೈ ಸವರದಿದ್ದರೆ ಧೂಳು ಉಳಿಯುತ್ತದೆ. ಬಳ್ಳಾರಿ, ಸಂಡೂರು ಕಡೆ ಈ ಕೊನೆಯದು ಸಣ್ಣ ಮಾತಲ್ಲ. ರಸ್ತೆ ಕಡೆಯ ಗೋಡೆಗೆ ತೂಗುಹಾಕಿದ ಪಟ್ಟಿಯ ಮೇಲೆ ಅದಿರಿನ ಧೂಳು ಕೂರುತ್ತದೆ, ಗಟ್ಟಿ ಕಣಗಳು ಹರಿತವನ್ನು ಗೀರುತ್ತವೆ. ಪಟ್ಟಿಗೆ ಬಟ್ಟೆಯ ಚೀಲ ಹಾಕಿಡಿ, ಬಳಸುವ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಅಂಗೈ ಆಡಿಸಿ. ಪ್ರತಿ ದಾಡಿಗೆ ಮುಂಚೆ ಪಟ್ಟಿಯ ಬಟ್ಟೆ ಇರುವ ಮಗ್ಗುಲ ಮೇಲೆ 10–20 ಸಲ, ಚರ್ಮದ ಮೇಲೆ 40–50 ಸಲ ಹೋಗಿ ಬಂದರೆ ಸಾಕು.

ತುಕ್ಕು

ಬಾಯಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಅಲ್ಲಿ ಹರಿತ ನಿಲ್ಲುವುದಿಲ್ಲ. ಒದ್ದೆ ಕತ್ತಿಯನ್ನು ಮಡಚಿಡಬೇಡಿ. ಕ್ಯಾನ್ ನೀರಿನಲ್ಲಿ ಒಮ್ಮೆ ಜಾಲಿಸಿ, ಮೆತ್ತನೆ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ತೆರೆದೇ ಒಣಗಿಸಿ. ವಾರಗಟ್ಟಲೆ ಬಳಸದೆ ಇಡುವಾಗ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಅದಕ್ಕೇನೂ ಬರವಿಲ್ಲ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ.

ಅರ್ಧ ಬ್ಲೇಡಿನ ರೇಜರ್

ಈಗ ಕಟಿಂಗ್ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಇದೇ. ಇದರಲ್ಲಿ ಪಟ್ಟಿಯೂ ಇಲ್ಲ, ಕಲ್ಲೂ ಇಲ್ಲ. ಎಳೆದರೆ ನೀರು, ನೊರೆ, ಓರೆ ನೋಡಿ, ಬ್ಲೇಡು ಬದಲಿಸಿ. ಒಂದು ದೋಷ ಇದಕ್ಕೇ ಸೇರಿದ್ದು: ಬ್ಲೇಡು ಸೊಟ್ಟ ಕೂತು ಒಂದು ಮೂಲೆ ಹೊರಗೆ ಇಣುಕುವುದು. ಬೆಳಕಿಗೆ ಹಿಡಿದು ಬಾಯಿಯ ಗೆರೆ ಹಿಡಿಕೆಗೆ ಸಮನಾಗಿದೆಯಾ ನೋಡಿ. ಬ್ಲೇಡನ್ನು ಅರ್ಧ ಮಾಡುವಾಗ ಕಾಗದದ ಒಳಗೇ ಇಟ್ಟು ಮುರಿಯಿರಿ. ಈ ರೇಜರ್ ಹಳೇ ಕತ್ತಿಗಿಂತ ಕಟು, ಸಣ್ಣ ತಪ್ಪಿಗೂ ರಕ್ತ ಬರುತ್ತದೆ.

ಕಲ್ಲು

ಇಷ್ಟೆಲ್ಲ ನೋಡಿದ ಮೇಲೂ ಎಳೆದರೆ ಕಲ್ಲಿನ ಸರದಿ. ಹೊಸ ಕತ್ತಿ ಮೊದಲ ದಿನವೇ ಎಳೆದರೆ ಮಾತ್ರ ಬೇಗ ಇಲ್ಲಿಗೆ ಬರಬಹುದು. ಅಗ್ಗದ ಹೊಸ ಕತ್ತಿಗಳು ದಾಡಿಗೆ ತಕ್ಕ ಸಾಣೆ ಇಲ್ಲದೇ ಬರುವುದು ಬಹಳ.

ಅಕ್ಕಸಾಲಿಗರು ಕಣ್ಣಿಗೆ ಹಚ್ಚಿಕೊಳ್ಳುವ 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಿಕ್ಕರೆ ಕತ್ತಿಯ ಬಾಯಿಯನ್ನು ನೇರ ಬಲ್ಬಿನ ಕೆಳಗೆ ಹಿಡಿದು ನೋಡಿ. ನಿಜವಾದ ಹರಿತಕ್ಕೆ ಅಗಲವೇ ಇಲ್ಲ, ಬೆಳಕು ಹೊಳೆಯುವುದಿಲ್ಲ. ಎಲ್ಲಿ ಬಿಳಿ ಚುಕ್ಕೆ, ಬಿಳಿ ಗೆರೆ ಮಿನುಗುತ್ತದೋ ಅಲ್ಲಿ ಮೊಂಡು ಅಥವಾ ಮುಕ್ಕು. ಮುಕ್ಕಿಲ್ಲದೆ ಬರೀ ಸೋತ ಕತ್ತಿಗೆ 8000, ಆಮೇಲೆ 12000 ಗ್ರಿಟ್ಟಿನ ಕಲ್ಲು ಸಾಕು (ಗ್ರಿಟ್ ಅಂಕಿ ಹೆಚ್ಚಾದಷ್ಟೂ ಕಲ್ಲು ನಯ). ಮುಕ್ಕಿದ್ದರೆ 1000ದಿಂದ ಶುರು, ನಡುವೆ 3000–5000. ಕಲ್ಲಿನ ಮೇಲೆ ಬಾಯಿ ಮುಂದೆ, ಅಂದರೆ ಪಟ್ಟಿಗೆ ತದ್ವಿರುದ್ಧ. ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರಬೇಕು. ಕೋನ ಕತ್ತಿಯೇ ಕೊಡುತ್ತದೆ, ಕೈಯಿಂದ ಎತ್ತಲು ಹೋಗಬೇಡಿ.

ಬೀದಿಯಲ್ಲಿ ಚಕ್ರ ತಿರುಗಿಸುತ್ತ ಬರುವ ಸಾಣೆಯವರಿಗೆ ಕತ್ತರಿ, ಕುಡಗೋಲು, ಅಡುಗೆ ಚಾಕು ಕೊಡಿ, ಅದು ಅವರ ಕೈಕೆಲಸ. ಕ್ಷೌರದ ಕತ್ತಿ ಕೊಡಬೇಡಿ. ಅದರ ಬಾಯಿ ಬಹಳ ತೆಳು, ಓಡುವ ಚಕ್ರದ ಬಿಸಿಗೆ ಉಕ್ಕಿನ ಬಿಗಿ ಹೋಗುತ್ತದೆ. ಹಾಗೆ ಒಮ್ಮೆ ನೀಲಿ ತಿರುಗಿದ ಜಾಗಕ್ಕೆ ಯಾವ ಕಲ್ಲೂ ಹರಿತ ತರಲಾರದು. ಕಲ್ಲಿನ ಕೆಲಸ ಬಲ್ಲವರಿಗೆ ಕೊಡುವಾಗ ಸುಮ್ನೆ ‘ಮೊಂಡಾಗಿದೆ’ ಅನ್ನಬೇಡಿ. ಕತ್ತಿಯ ತುದಿ, ನಡು, ಬುಡ, ಇವುಗಳಲ್ಲಿ ಎಲ್ಲಿ ಎಳೆಯುತ್ತದೆ, ಯಾವ ನೀರು ಬಳಸುತ್ತೀರಿ, ಪಟ್ಟಿಗೆ ಹಚ್ಚಿದ ಮೇಲೆ ಉತ್ತಮವಾಗುತ್ತದೋ ಕೆಡುತ್ತದೋ, ಇದನ್ನು ಹೇಳಿ. ಅವರು ಬೇಕಾದಷ್ಟೇ ಉಕ್ಕು ತೆಗೆಯುತ್ತಾರೆ.